ಕಾಶವ್ವ ಹೊತ್ತ ಜ್ವರ

ನಮ್ಮ ಊರಿನ ಆಸ್ಪತ್ರೆಗೆ ಜ್ವರವೆಂದು ಬಂದವರನ್ನು ಚೀಟಿ ಬರೆಯುವವನು ಹೆಸರಿಗೂ ಮೊದಲು ಕೇಳುವ ಮಾತು ಒಂದೇ: "ಯಾರ ಜ್ವರ?" ಗೊತ್ತಿದ್ದವರು ಹೇಳುತ್ತಾರೆ, ಮಗಳದು, ಗಂಡನದು, ತಮ್ಮನದು ಎಂದು. ಗೊತ್ತಿಲ್ಲದವರು ಮನೆಮಂದಿಯನ್ನೆಲ್ಲ ಕರೆತಂದು ನನ್ನ ಲ್ಯಾಬಿನ ಮುಂದಿನ ಬೆಂಚಿನ ಮೇಲೆ ಸಾಲಾಗಿ ಕೂರಿಸುತ್ತಾರೆ. ರೋಗ ಒಬ್ಬರಿಗೆ, ಜ್ವರ ಇನ್ನೊಬ್ಬರಿಗೆ. ನಮ್ಮಲ್ಲಿ ಮೊದಲಿನಿಂದಲೂ ಹಾಗೆಯೇ. ರೋಗ ಬಂದವರ ಮೈ ಬೆಚ್ಚಗೂ ಆಗುವುದಿಲ್ಲ. ಅವರನ್ನು ಯಾರು ಎಲ್ಲರಿಗಿಂತ ಹೆಚ್ಚು ಹಚ್ಚಿಕೊಂಡಿರುತ್ತಾರೋ ಅವರ ಮೈ ಕೆಂಡವಾಗುತ್ತದೆ. ಹಾಗಾಗಿ ನಾನು ಇಷ್ಟು ವರ್ಷ ಸೂಜಿ ಚುಚ್ಚಿದ್ದೆಲ್ಲ ಬಹುಮಟ್ಟಿಗೆ ಗಟ್ಟಿಮುಟ್ಟಾದವರ ಬೆರಳಿಗೇ. ನರಳುವವರು ಒಳಗೆ ವಾರ್ಡಿನಲ್ಲಿ ಮಲಗಿರುತ್ತಾರೆ, ಅವರ ರಕ್ತದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ.

ಬೇರೆ ಊರಿನವರಿಗೆ ಇದು ವಿಚಿತ್ರವೆನಿಸಬಹುದು. ನಮಗೆ ಇದು ಮಳೆ ಬಿಸಿಲಿನ ಹಾಗೆ. ತಾಯಂದಿರು ನಡುಗುತ್ತ ಬಂದು, ಹೊರಗೆ ಮಣ್ಣಾಡುತ್ತಿರುವ ಮಗುವನ್ನು ತೋರಿಸಿ ಔಷಧ ಕೇಳುತ್ತಾರೆ. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಗೆ ಮೊದಲ ಸಲ ಹುಷಾರು ತಪ್ಪಿದಾಗ ಇಡೀ ಮನೆ ಅವಳ ಗಂಡನ ಹಣೆ ಮುಟ್ಟಿ ನೋಡುತ್ತದೆ. ಜ್ವರ ಬಾರದ ಗಂಡಂದಿರು ಮೈ ಬಿಸಿಯಾಗಲೆಂದು ಕಂಕುಳಲ್ಲಿ ಈರುಳ್ಳಿ ಇಟ್ಟುಕೊಂಡು ಹಾಸಿಗೆ ಹಿಡಿಯುವುದುಂಟು. ವಾಸನೆ ಎಲ್ಲರಿಗೂ ಬರುತ್ತದೆ, ಯಾರೂ ಆಡಿ ತೋರಿಸುವುದಿಲ್ಲ. ಯಾರೂ ಇಲ್ಲದವರಿಗೆ ಮಾತ್ರ ತಮ್ಮ ಜ್ವರ ತಮಗೇ. ಅಂಥವರು ಬಂದರೆ ನರ್ಸುಗಳು ಕೇಳದೆಯೇ ಇನ್ನೊಂದು ಲೋಟ ಗಂಜಿ ಇಟ್ಟು ಹೋಗುತ್ತಾರೆ. ಇನ್ನೊಂದು ಮಾತು: ನಮ್ಮಲ್ಲಿ ಜ್ವರ ಬಿಟ್ಟಿತೆಂದು ಯಾರೂ ಸಕ್ಕರೆ ಹಂಚುವುದಿಲ್ಲ. ಮೈ ತಣ್ಣಗಾದೊಡನೆ ಮೊದಲು ಆ ಇನ್ನೊಬ್ಬರ ಕಡೆ ಆಳು ಕಳಿಸುತ್ತಾರೆ. ರೋಗ ವಾಸಿಯಾದರೂ ಜ್ವರ ಬಿಡುತ್ತದೆ, ರೋಗಿ ಸತ್ತರೂ ಬಿಡುತ್ತದೆ.

ಕಾಶವ್ವ ಬಂದದ್ದು ಒಂದು ಮಧ್ಯಾಹ್ನ, ಹಿರಿಯ ಮಗ ಶೇಖಪ್ಪನ ಟಂಟಂ ಆಟೋದಲ್ಲಿ, ಎರಡು ಕೌದಿ ಹೊದ್ದುಕೊಂಡು. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಆಕೆಯ ಖಾನಾವಳಿ. ಅಲ್ಲಿಯ ಜೋಳದ ರೊಟ್ಟಿ ತಿನ್ನದವರು ನಮ್ಮ ಊರಲ್ಲಿ ಕಡಿಮೆ. ದೊಡ್ಡ ಮೈಯ ಹೆಂಗಸು, ದೊಡ್ಡ ದನಿ. ಉಂಡವರು ಎಲೆಯಲ್ಲಿ ಪಲ್ಯ ಬಿಟ್ಟರೆ ಬೀದಿಗೆ ಕೇಳುವಂತೆ ಬೈಯುತ್ತಿದ್ದವಳು. ಅವತ್ತು ಆಕೆಯ ಹಲ್ಲು ಕಟಕಟ ಕಡಿಯುತ್ತಿದ್ದವು. ಕೂತ ಬೆಂಚು ಗೋಡೆಗೆ ಬಡಿಯುತ್ತಿತ್ತು.

"ಯಾರ ಜ್ವರ?" ಎಂದು ಚೀಟಿಯವನು ಕೇಳಿದ.

ಕಾಶವ್ವ ಬಾಯಿ ತೆರೆಯುವ ಮೊದಲೇ ಶೇಖಪ್ಪ ಹೇಳಿದ, "ನಂದ ಇರಬೇಕ್ರಿ. ನಂದ ಐತಿ." ಹೇಳುವಾಗ ಅವನ ಎದೆ ಸ್ವಲ್ಪ ಮುಂದೆ ಬಂದಿತ್ತು. ರೋಗ ತನಗೆ ಎಂದು ಅಷ್ಟು ಸಂತೋಷದಿಂದ ಹೇಳಿಕೊಳ್ಳುವವರನ್ನು ನಮ್ಮಲ್ಲಿ ದಿನವೂ ನೋಡುತ್ತೇವೆ.

ಮೊದಲು ಚಳಿ, ಆಮೇಲೆ ಬೆಂಕಿಯಂಥ ಕಾವು, ಕೊನೆಗೆ ಸೀರೆ ತೋಯುವಷ್ಟು ಬೆವರು. ಮರುದಿನ ಸುಮ್ಮನೆ, ಅದರ ಮರುದಿನ ಮತ್ತೆ ಅದೇ. ಪದ್ಮರಾಜ ಡಾಕ್ಟರು ಕೇಳಿದ ಕೂಡಲೇ ಮಲೇರಿಯಾ ಇರಬೇಕೆಂದರು. ಅದರ ಹುಳ ಯಾರ ರಕ್ತದಲ್ಲಿದೆ ಎಂದು ಹುಡುಕುವುದು ನನ್ನ ಪಾಲಿನ ಕೆಲಸ. ನಿಯಮದ ಪ್ರಕಾರ ಕಾಶವ್ವನ ರಕ್ತವನ್ನೂ ನೋಡಿದೆ, ಇರಲಿಲ್ಲ. ಶೇಖಪ್ಪನ ಬೆರಳು ಚುಚ್ಚಿ, ಗಾಜಿನ ಮೇಲೆ ಹನಿ ಹರಡಿ, ಒಣಗಿಸಿ, ಬಣ್ಣ ಹಾಕಿ ತೊಳೆದು, ಎಣ್ಣೆಯ ತೊಟ್ಟಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಕೆಂಪು ಕಣಗಳೆಲ್ಲ ಆಗಷ್ಟೇ ತೊಳೆದಿಟ್ಟ ಬಟ್ಟಲುಗಳ ಹಾಗೆ ಸ್ವಚ್ಛವಾಗಿದ್ದವು. ಈ ಹುಳ ಇದ್ದರೆ ಕಣದೊಳಗೆ ಸಣ್ಣದೊಂದು ಉಂಗುರ ಕಾಣುತ್ತದೆ, ಹರಳಿನ ಜಾಗದಲ್ಲಿ ಕೆಂಪು ಚುಕ್ಕೆಯಿರುವ ನೀಲಿ ಉಂಗುರ. ಅವನಲ್ಲಿ ಒಂದೂ ಇರಲಿಲ್ಲ. ಅವನ ಹೆಂಡತಿಯಲ್ಲಿ, ಮಕ್ಕಳಲ್ಲಿ ಇರಲಿಲ್ಲ.

"ಸರಿಯಾಗಿ ನೋಡ್ರಿ ಅಕ್ಕಾರ," ಎಂದ ಶೇಖಪ್ಪ.

"ನೋಡೀನಪ್ಪಾ. ನಿನಗೇನೂ ಆಗಿಲ್ಲ. ಚಲೋ ಅದಿ."

"ಇನ್ನೊಮ್ಮೆ ನೋಡ್ರಿ."

ಇನ್ನೊಂದು ಬೆರಳು ಚುಚ್ಚಿ ಇನ್ನೊಮ್ಮೆ ನೋಡಿದೆ. ಅವನು ಬಾಗಿಲಲ್ಲೇ ನಿಂತಿದ್ದ. ನಾನು ತಲೆಯೆತ್ತಿ ಇಲ್ಲವೆಂದಾಗ ಅವನ ಮುಖ ಮಕ್ಕಳ ಮುಖದ ಹಾಗೆ ಸಣ್ಣದಾಯಿತು. "ಅಂದ್ರ ನಮ್ಮವ್ವಗ..." ಎಂದು ಶುರುಮಾಡಿ ಮಾತು ಮುಗಿಸದೆ ಹೊರಗೆ ಹೋಗಿ ಟಂಟಂ ಒರೆಸುತ್ತ ನಿಂತ. ಅದು ಅವತ್ತೇನೂ ಹೊಲಸಾಗಿರಲಿಲ್ಲ.

ಆಮೇಲೆ ಬೆಂಚಿನ ಮೇಲೆ ಯಾರ್‍ಯಾರೋ ಬಂದು ಕೂತರು. ಕಾಶವ್ವನ ತಂಗಿ ಬಂದಳು. ತಂಗಿಯ ಮಕ್ಕಳು ಬಂದರು. ಖಾನಾವಳಿಯಲ್ಲಿ ಪಾತ್ರೆ ತಿಕ್ಕುವ ಹೆಂಗಸು, ತಾನಾಗಿದ್ದರೂ ಇರಬಹುದೆಂದು ಸೆರಗು ಸರಿಮಾಡಿಕೊಂಡು ಬಂದಳು. ಯಾವಾಗಲೂ ಅಲ್ಲಿಯೇ ಉಣ್ಣುವ ಮುದುಕ ಮಾಸ್ತರರೊಬ್ಬರನ್ನು ಓಣಿಯವರೇ ಹಿಡಿದು ತಂದರು. ಅವರು ನಾಚಿ ಕೆಂಪಾದರು. ಕಾಶವ್ವ ವಾರ್ಡಿನ ಹಾಸಿಗೆಯಿಂದಲೇ "ಈ ವಯಸ್ಸಿನ್ಯಾಗ ನನ್ನ ಮಾನಾ ತಗೀಬ್ಯಾಡ್ರೋ" ಎಂದು ಗದರಿದಾಗ ಇಡೀ ವಾರ್ಡು ನಕ್ಕಿತು. ಮಾಸ್ತರರ ರಕ್ತವೂ ಶುದ್ಧ. ಹೋಗುವಾಗ ಅವರಿಗೂ ಒಂದಿಷ್ಟು ಬೇಸರವಾದಂತೆ ನನಗೆ ಕಂಡಿತು.

ನಗು ಅವತ್ತಿಗೇ ಮುಗಿಯಿತು. ದಿನ ಬಿಟ್ಟು ದಿನ ಬರುತ್ತಿದ್ದ ಜ್ವರ ಆಮೇಲೆ ಬಿಡುವು ಕೊಡದೆ ಹಿಡಿಯಿತು. ಪದ್ಮರಾಜ ಡಾಕ್ಟರು ಲ್ಯಾಬಿಗೆ ಬಂದು ನನ್ನ ಎದುರಿನ ಸ್ಟೂಲಿನ ಮೇಲೆ ಕೂತರು. ಇಪ್ಪತ್ತು ವರ್ಷದಿಂದ ಈ ಊರಲ್ಲಿದ್ದರೂ ಅವರ ಮಾತು ಇನ್ನೂ ಅವರ ಕಡೆಯದೇ. "ಜ್ವರದ ರೀತಿ ಬದಲಾಗಿದೆ," ಎಂದರು. "ಇದು ಮಿದುಳಿಗೆ ಏರುವ ಜಾತಿಯದು ಅನ್ನಿಸುತ್ತದೆ. ಎಲ್ಲೋ ಒಬ್ಬರು ತಮಗೇನೂ ಆಗಿಲ್ಲ ಅಂದುಕೊಂಡು ಕೊಡ ಹೊತ್ತು ಓಡಾಡುತ್ತಿದ್ದಾರೆ. ಒಂದು ದಿನ ಓಡಾಡುತ್ತಲೇ ಬೀಳುತ್ತಾರೆ. ಆ ಹೆಂಗಸಿಗೆ ಯಾರೆಂದು ಗೊತ್ತಿದೆಯೋ ಇಲ್ಲವೋ, ನೀವೊಮ್ಮೆ ಕೂತು ಮಾತಾಡಿ. ನನ್ನನ್ನು ಕಂಡರೆ ಗೋಡೆಯ ಕಡೆ ತಿರುಗಿಬಿಡುತ್ತಾಳೆ."

ನಾನು ಹೋದಾಗ ಕಾಶವ್ವ ಅಂಗಾತ ಮಲಗಿದ್ದಳು. ಹಣೆಯ ಮೇಲಿನ ಒದ್ದೆ ಬಟ್ಟೆ ಆಗಲೇ ಒಣಗಿ ಗರಿಗರಿಯಾಗಿತ್ತು. ಕಣ್ಣು ಮುಚ್ಚಿತ್ತು, ಆದರೆ ಎರಡೂ ಕೈ ಕೌದಿಯ ಮೇಲೆ ಅಲ್ಲಾಡುತ್ತಿದ್ದವು. ಬಲಗೈ ತಟ್ಟುತ್ತ, ಎಡಗೈ ತಿರುಗಿಸುತ್ತ. ಸ್ವಲ್ಪ ಹೊತ್ತು ನೋಡಿದ ಮೇಲೆ ರೊಟ್ಟಿ ಬಡಿಯುತ್ತಿದ್ದಾಳೆಂದು ತಿಳಿಯಿತು.

"ಹಂಚು ಕಾದೈತಿ," ಎಂದಳು, ಪಕ್ಕದಲ್ಲೇ ಯಾರೋ ಕೂತಿದ್ದಾರೆ ಎನ್ನುವಂತೆ. "ನೀ ಆ ಕಡಿ ಸರಿ, ಸರಿ. ಹೊಗಿ ಕುಡದು ಕುಡದು ನಿನ್ನ ಕಣ್ಣು ಕೆಂಪಾಗ್ಯಾವ. ನೀ ಬಡಿ, ನಾ ಬೇಯಸ್ತೀನಿ."

"ಯಾರಿಗೆ ಹೇಳಾಕತ್ತೀರಿ ಕಾಶವ್ವಾ?" ಎಂದೆ.

ಕಣ್ಣು ತೆರೆದು ನನ್ನನ್ನು ನೋಡಿದಳು. ಕೈಗಳು ನಿಂತವು. "ಯಾರಿಗೂ ಇಲ್ಲ," ಎಂದಳು.

ಯಾರಿಗೆಂದು ನನಗೂ ಆಗಲೇ ಹೊಳೆದಿತ್ತು. ಆ ಖಾನಾವಳಿಯಲ್ಲಿ ಉಂಡ ಯಾರಿಗಾದರೂ ಹೊಳೆಯುತ್ತಿತ್ತು. ಕಾಶವ್ವನ ಕಿರಿಯ ಮಗ ಫಕೀರಪ್ಪ ಮದುವೆಯಾದ ವರ್ಷವೇ ಲಾರಿಗೆ ಸಿಕ್ಕು ಸತ್ತಿದ್ದ. ಅವನ ಹೆಂಡತಿ ಅಂಬವ್ವ ತವರಿಗೆ ಹೋಗದೆ ಅತ್ತೆಯ ಜೊತೆಗೇ ಉಳಿದಳು. ವರ್ಷಗಟ್ಟಲೆ ಇಬ್ಬರೂ ಒಲೆಯ ಎರಡು ಮಗ್ಗುಲಿಗೆ ಕೂತು ರೊಟ್ಟಿ ಮಾಡಿದರು. ಒಬ್ಬಳು ಬಡಿದದ್ದನ್ನು ಇನ್ನೊಬ್ಬಳು ಮಾತಿಲ್ಲದೆ ಎತ್ತಿ ಹಂಚಿಗೆ ಹಾಕುತ್ತಿದ್ದದ್ದನ್ನು ನೋಡುತ್ತ ನಾವು ಉಣ್ಣುತ್ತಿದ್ದೆವು. ಆಮೇಲೆ ಕಲ್ಲುಖಣಿಯ ದ್ಯಾಮಣ್ಣ ಅಂಬವ್ವನನ್ನು ಮದುವೆಗೆ ಕೇಳಿದ, ಅವಳೂ ಒಪ್ಪಿದಳು. ಅವಳು ಗಂಟು ಕಟ್ಟಿಕೊಂಡು ಹೊರಟ ದಿನ ಕಾಶವ್ವ ಹಿಟ್ಟು ನಾದುವ ಪರಾತವನ್ನು ಬೀದಿಗೆ ಎಸೆದು, "ನನ್ನ ಮಗನ ಹೆಸರು ಒರಸಿ ಹೊಂಟಾಳ. ನನ್ನ ಪಾಲಿಗೆ ಇವಳು ಸತ್ಲು, ಇವಳ ಮಾರಿ ನಾ ನೋಡೂದಿಲ್ಲ" ಎಂದು ಓಣಿಯೆಲ್ಲ ಕೇಳುವಂತೆ ಕೂಗಿದ್ದಳು. ಅದರಿಂದಲೇ ಬೆಂಚಿನ ಮೇಲೆ ಕೂರಿಸಬೇಕಾದವರನ್ನು ಎಣಿಸುವಾಗ ಅಂಬವ್ವನ ಹೆಸರು ಯಾರ ಬಾಯಿಗೂ ಬಂದಿರಲಿಲ್ಲ.

"ಅಂಬವ್ವನ ರಕ್ತ ನೋಡ್ಲೇನ್ರಿ?" ಎಂದು ಕೇಳಿದೆ.

"ಆಕಿ ಹೆಸರು ಎತ್ತಬ್ಯಾಡ," ಎಂದಳು ಕಾಶವ್ವ. ಆಮೇಲೆ ದನಿ ತಗ್ಗಿಸಿದಳು: "ಎತ್ತಬ್ಯಾಡ್ರಿ ಅಕ್ಕಾರ. ಕೈ ಮುಗೀತೀನಿ. ಆಕಿ ಈಗ ಇನ್ನೊಬ್ಬನ ಮನ್ಯಾಗ ಅದಾಳ. ಆಕಿ ಜ್ವರ ನನಗ ಬಂದೈತಿ ಅಂತ ಊರಾಗ ಗೊತ್ತಾದ್ರ ಆ ಹುಡುಗನ ಮಾರಿ ಏನಾಗಬೇಕು? ಹೆಂಡ್ತಿ ಜ್ವರ ಗಂಡಗ ಬರಲಿಲ್ಲ, ಬಿಟ್ಟು ಬಂದ ಮನಿ ಮುದುಕಿಗೆ ಬಂತು ಅಂತ ಮಂದಿ ನಗೂದಿಲ್ಲೇನು? ನಾಳಿಗೆ ಅವ ಆಕಿನ್ನ ಹೆಂಗ ನೋಡ್ಯಾನು?"

"ಅಂದ್ರ ನಿಮಗ ಮೊದಲ ದಿನಾನ ಗೊತ್ತಿತ್ತು."

"ಮೊದಲ ಚಳಿ ಬಂದಾಗನ ಗೊತ್ತಾತು. ಗೊತ್ತಾಗದ ಏನು." ಅವಳ ಬಿರುಕು ತುಟಿಯಲ್ಲಿ ಸಣ್ಣ ನಗುವಿನಂಥದ್ದು ಬಂದು ಹೋಯಿತು. "ನಂದೇನ್ರಿ, ಗಟ್ಟಿ ಜೀವ. ಒಲಿ ಮುಂದ ಐವತ್ತು ವರ್ಷ ಕುಂತೀನಿ, ಈ ಕಾವು ನನಗ್ಯಾವ ಲೆಕ್ಕ. ಪೂರಾ ಹೊತ್ತು ಮುಗಿಸಿಬಿಟ್ರ ಆಕಿ ಬ್ಯಾನಿ ತಾನ ತೀರತೈತಿ. ನಮ್ಮವ್ವ ಹಂಗ ಹೊತ್ತು ನನ್ನ ಉಳಿಸ್ಯಾಳ."

ಹಿಂದಿನವರು ಹಾಗೆ ನಂಬುತ್ತಾರೆ. ನೆಗಡಿಗೆ, ಸಣ್ಣಪುಟ್ಟ ಜ್ವರಕ್ಕೆ ಅದು ನಿಜವೆಂದೇ ಕಾಣುತ್ತದೆ. ನಾನು ಮಂಚದ ಅಂಚಿನಲ್ಲಿ ಕೂತು ಅವಳ ಕೈ ಹಿಡಿದು, ಈ ಹುಳ ಹಾಗಲ್ಲವೆಂದು ಹೇಳಿದೆ. ನೀವು ಎಷ್ಟು ಬೆಂದರೂ ಅದು ಸಾಯುವುದಿಲ್ಲ, ಅದು ಇರುವುದು ಅವಳ ರಕ್ತದಲ್ಲಿ, ಅಲ್ಲಿ ಗಂಟೆಗಂಟೆಗೆ ಹೆಚ್ಚುತ್ತದೆ, ತಲೆಗೇರಿದರೆ ಅವಳು ಹೋಗುತ್ತಾಳೆ ಎಂದೆ. ಕಾಶವ್ವ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ನಾ ಹೊತ್ರ ಸಾಲೂದಿಲ್ಲೇನು?" ಎಂದಳು.

"ಸಾಲೂದಿಲ್ರಿ."

ಅವಳು ಎದ್ದು ಕೂತಳು. ಅಷ್ಟು ಜ್ವರದಲ್ಲಿ ಹೇಗೆ ಎದ್ದಳೋ. "ಹಂಗಾರ ಹೋಗು," ಎಂದು ನನ್ನ ಭುಜ ನೂಕಿದಳು. "ಕುಂತೀ ಯಾಕ ಇನ್ನ? ಓಡು!"

ಶೇಖಪ್ಪನ ಟಂಟಂನಲ್ಲಿಯೇ ಖಣಿಗೆ ಹೋದೆ. ಯಾರಲ್ಲಿಗೆ ಎಂದು ಹೊರಡುವಾಗಲೇ ಅವನಿಗೆ ಹೇಳಿದ್ದೆ. ಖಣಿಯ ಹತ್ತಿರ ಬಂದಾಗ ಅವನು, "ಒಂದ ಒಲಿ ಮುಂದ ಕುಂತವರು. ನಾ ಟಂಟಂ ಹೊಡೀತಾ ಹೊರಗ ಇದ್ದಾಂವ. ಆಗತೈತ್ರಿ," ಎಂದ. ತನಗೇ ಹೇಳಿಕೊಂಡ ಹಾಗಿತ್ತು. ಕಲ್ಲು ತೆಗೆದು ಬಿಟ್ಟ ಹಳ್ಳಗಳಲ್ಲಿ ಹಸಿರು ನೀರು ನಿಂತಿತ್ತು. ಅದರ ದಂಡೆಯಲ್ಲೇ ತಗಡಿನ ಮನೆಗಳು. ಅಂಬವ್ವ ಬಾಗಿಲಲ್ಲಿ ಕೂತು ಕಾಳು ಹಸನು ಮಾಡುತ್ತಿದ್ದಳು. ನನ್ನನ್ನು ಕಂಡು ಗುರುತು ಹಿಡಿದು ನಕ್ಕಳು. ಕಣ್ಣಿನ ಬಿಳಿಯೆಲ್ಲ ಅರಿಸಿನವಾಗಿತ್ತು, ಉಗುರುಗಳಲ್ಲಿ ರಕ್ತವೇ ಇರಲಿಲ್ಲ. ಕೈ ಮುಟ್ಟಿದೆ, ತಣ್ಣಗೆ ಹಿತವಾಗಿತ್ತು.

"ನನಗೇನಾಗೈತ್ರಿ? ಸ್ವಲ್ಪ ತಲಿ ತಿರಗತೈತಿ, ಅಷ್ಟ," ಎಂದಳು.

ದ್ಯಾಮಣ್ಣ ಒಳಗಿನಿಂದ ಬಂದ. ಕಲ್ಲು ಒಡೆದು ಒಡೆದು ಹೆಗಲು ಅಗಲವಾದ, ಮೆತ್ತಗೆ ಮಾತಾಡುವ ಮನುಷ್ಯ. ನಾನು ಬಂದ ಕಾರಣ ಹೇಳಿದೆ. ಯಾರಿಗೆ ಜ್ವರ ಎಂದು ಹೇಳಲಿಲ್ಲ. ಅವನು ತನ್ನ ಹಣೆಯನ್ನು ತಾನೇ ಮುಟ್ಟಿ ನೋಡಿಕೊಂಡ. ಕತ್ತು ಮುಟ್ಟಿಕೊಂಡ. ಆಮೇಲೆ ಅಂಬವ್ವನಿಗೂ ನನಗೂ ನಡುವೆ ಬಂದು ನಿಂತ.

"ರಕ್ತಾ ಕೊಡೂದಿಲ್ರಿ. ಆಕಿಗೆ ಬ್ಯಾನಿ ಇದ್ದಿದ್ರ ನನಗ ಜ್ವರ ಬರತಿತ್ತು. ನನಗ ಬಂದಿಲ್ಲ. ಅಂದ್ರ ಆಕಿಗೆ ಬ್ಯಾನಿ ಇಲ್ಲ."

ಅದರಲ್ಲಿ ಸಿಟ್ಟಿರಲಿಲ್ಲ. ದೇವರ ಮುಂದೆ ನಿಂತು ಹೇಳುವವನ ಹಾಗೆ ಹೇಳಿದ. ಅವನ ಹಿಂದೆ ಅಂಬವ್ವ ಮೊರ ಹಿಡಿದುಕೊಂಡೇ ಎದ್ದು ಶೇಖಪ್ಪನ ಟಂಟಂ ನೋಡಿದಳು. ಅದರ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದ ಶೇಖಪ್ಪನನ್ನು ನೋಡಿದಳು.

"ಯಾರಿಗೆ ಬಂದೈತ್ರಿ ಜ್ವರ?" ಎಂದು ಕೇಳಿದಳು.

ಶೇಖಪ್ಪ ಹೇಳಿದ, "ನಮ್ಮವ್ವಗ."

"ಆ ಮುದುಕಿಗಾ?" ಎಂದು ಅಂಬವ್ವ ನಕ್ಕಳು. ನಗುತ್ತಲೇ ಹೊಸ್ತಿಲ ಮೇಲೆ ಕುಸಿದಳು. ಕಾಳಿನ ಮೊರ ಮಗುಚಿ ಬಿತ್ತು. "ನನ್ನ ಮಾರಿ ನೋಡೂದಿಲ್ಲ ಅಂದಿದ್ಲು. ಓಣಿ ತುಂಬ ಕೂಗಿದ್ಲು. ಅಯ್ಯ ಅತ್ತೀ..." ಸೆರಗಿನಿಂದ ಮುಖ ಒರೆಸಿಕೊಂಡು, ಗಂಡನನ್ನು ದಾಟಿ ನನ್ನ ಮುಂದೆ ಕೈ ಚಾಚಿದಳು. "ಚುಚ್ಚರಿ."

ದ್ಯಾಮಣ್ಣ ತಡೆಯಲಿಲ್ಲ. ಗೋಡೆಗೆ ಒರಗಿ ತನ್ನ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತ ನಿಂತ.

ನಾನು ಸ್ಲೈಡಿನ ಫಲಿತಾಂಶಕ್ಕೆ ಕಾಯದೆ ಅವಳನ್ನು ಟಂಟಂನಲ್ಲೇ ಕರೆತಂದೆ. ದ್ಯಾಮಣ್ಣನೇ ಎತ್ತಿ ಕೂರಿಸಿದ. ಲ್ಯಾಬಿನಲ್ಲಿ ಬಣ್ಣ ಹಾಕಿ ತೊಳೆದು ನೋಡಿದರೆ ಹುಡುಕಬೇಕಾಗಿಯೇ ಇರಲಿಲ್ಲ. ಎಲ್ಲಿ ಕಣ್ಣಿಟ್ಟರೂ ಉಂಗುರ. ಒಂದೊಂದು ಕಣದಲ್ಲಿ ಎರಡು, ಮೂರು. ನಡುನಡುವೆ ಬಾಳೆಕಾಯಿಯಂತೆ ಬಾಗಿದ ಆಕಾರಗಳು. ಡಾಕ್ಟರು ಹೆದರಿದ ಜಾತಿಯೇ. ಅವರನ್ನು ಕರೆದು ತೋರಿಸಿದೆ. ಅವರು ಕಣ್ಣು ತೆಗೆಯದೆ ಬಹಳ ಹೊತ್ತು ನೋಡಿ, "ಇಷ್ಟೊಂದು ಇಟ್ಟುಕೊಂಡು ಕಾಳು ಹಸನು ಮಾಡುತ್ತಿದ್ದಳೇ?" ಎಂದರು. ಆಮೇಲೆ ಔಷಧ ತರಿಸಲು ಓಡಿದರು.

ಅಂಬವ್ವನನ್ನು ಕಾಶವ್ವನ ಪಕ್ಕದ ಮಂಚದಲ್ಲಿಯೇ ಮಲಗಿಸಿದರು. ಇಬ್ಬರಿಗೂ ಒಂದೇ ಕಿಟಕಿ. ಒಬ್ಬಳು ಕೆಂಪಾಗಿ ಬೇಯುತ್ತಿದ್ದಳು, ಇನ್ನೊಬ್ಬಳು ಬಾಟಲಿಯ ಸೂಜಿ ಕೈಗೆ ಚುಚ್ಚಿಸಿಕೊಂಡು, ನೆಂಟರ ಮನೆಗೆ ಬಂದವಳ ಹಾಗೆ ತಣ್ಣಗೆ ಮಲಗಿದ್ದಳು. ನಾನು ರಕ್ತ ತೆಗೆಯುತ್ತಿದ್ದಾಗ ಕಾಶವ್ವನೇ ಮಾತು ಶುರುಮಾಡಿದಳು, ಬೈಗುಳದಿಂದಲೇ.

"ಎಷ್ಟು ಸೊರಗೀಯಲ್ಲ. ಅಲ್ಲೇನು ಉಣ್ಣಾಕ ಸಿಗೂದಿಲ್ಲೇನು ನಿನಗ?"

"ಸಿಗತೈತಿ ಅತ್ತಿ. ರೊಟ್ಟಿ ನಾನ ಬಡೀಬೇಕು, ನಾನ ಬೇಯಸಬೇಕು. ಒಂದು ಕಡಿ ಸೀದ ಹೋಗತೈತಿ."

"ಹಂಚಿನ ಮ್ಯಾಲಿನ ರೊಟ್ಟಿಗೆ ನೀರಿನ ಅರಿವಿ ಒರಸೂದಿಲ್ಲ ನೀ. ಮೊದಲಿಂದ ಹಂಗ."

"ಯಾಕ ಬಾಯಿ ಬಿಡಲಿಲ್ಲ ಅತ್ತಿ? ಇಷ್ಟು ದಿನ ಯಾಕ ಸುಮ್ಮ ಸುಟಗೊಂಡಿ?"

ಕಾಶವ್ವ ಬಾಗಿಲ ಕಡೆ ನೋಡಿದಳು. ಅಲ್ಲಿ ದ್ಯಾಮಣ್ಣ ಎಳನೀರು ಹಿಡಿದು, ಒಳಗೆ ಬರಲೋ ಬೇಡವೋ ಎಂದು ನಿಂತಿದ್ದ. "ಸುಮ್ಮನ ಮಲಗು. ಮಾತಾಡಿದ್ರ ಔಷಧ ಹತ್ತೂದಿಲ್ಲ," ಎಂದಳು ಕಾಶವ್ವ. ಅಂಬವ್ವ ಸೂಜಿಯಿಲ್ಲದ ಕೈಯನ್ನು ಮಂಚಗಳ ನಡುವಿನ ಸಂದಿಯಲ್ಲಿ ಚಾಚಿದಳು. ಕಾಶವ್ವ ಅದನ್ನು ಹಿಡಿದುಕೊಂಡು, "ತಣ್ಣಗೈತಿ, ಹಿತ ಅನಸ್ತೈತಿ," ಎಂದು ಕಣ್ಣು ಮುಚ್ಚಿದಳು.

ದ್ಯಾಮಣ್ಣನ ಸ್ಥಿತಿ ನೋಡಲಾಗುತ್ತಿರಲಿಲ್ಲ. ಅವನು ಅಂಬವ್ವನ ಕಾಲು ಒತ್ತಿದ, ಗಾಳಿ ಬೀಸಿದ, ಬಾಯಿಗೆ ಚಮಚದಿಂದ ನೀರು ಹಾಕಿದ. ಬೇರೆ ರೋಗಿಗಳ ಕಡೆಯವರು ಅವನನ್ನು ನೋಡಿ ಪಿಸುಗುಟ್ಟುತ್ತಿದ್ದರು. ಅವಳ ಕಡೆ ನೋಡುವಷ್ಟೇ ಸಲ ಅವನು ತನ್ನ ಹಣೆ ಮುಟ್ಟಿಕೊಳ್ಳುತ್ತಿದ್ದ. ಒಂದು ಮಧ್ಯಾಹ್ನ ನನ್ನ ಲ್ಯಾಬಿಗೆ ಬಂದು, "ನನ್ನ ಮೈ ಒಮ್ಮೆ ನೋಡ್ರಿ ಅಕ್ಕಾರ. ಬೆಚ್ಚಗ ಆದಂಗ ಅನಸ್ತೈತಿ," ಎಂದ. ಕಂಕುಳಿನಿಂದ ಈರುಳ್ಳಿಯ ವಾಸನೆ ಬರುತ್ತಿತ್ತು. ಥರ್ಮಾಮೀಟರನ್ನು ಬಾಯಿಗೆ ಇಟ್ಟು ನೋಡಿದೆ. ಎಲ್ಲರ ಮೈ ಇರುವಷ್ಟೇ ಇತ್ತು. ಹೇಳದೆ ಬೇರೆ ದಾರಿಯಿರಲಿಲ್ಲ, ಹೇಳಿದೆ. ಅವನು ಅಂಗಿಯೊಳಗೆ ಕೈ ಹಾಕಿ ಈರುಳ್ಳಿ ತೆಗೆದು, ಎಲ್ಲಿ ಎಸೆಯಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ನಿಂತ.

"ಆಕಿನ್ನ ಬಿಟ್ರ ನನಗ್ಯಾರೂ ಇಲ್ರಿ," ಎಂದ. "ನನಗ ಯಾಕ ಬರವಲ್ದು?"

ಇದನ್ನು ನಾನು ಪದ್ಮರಾಜ ಡಾಕ್ಟರಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಜ್ವರ ಹೋಗುವ ದಾರಿ ಯಾರಿಗೆ ಗೊತ್ತು?" ಎಂದರು. "ಪ್ರೀತಿ ಅಂತ ನಾವು ಅದಕ್ಕೊಂದು ಹೆಸರು ಇಟ್ಟುಕೊಂಡಿದ್ದೇವೆ, ಅಷ್ಟೇ."

ಔಷಧ ಕೆಲಸ ಮಾಡಲಿಲ್ಲವೆಂದಲ್ಲ. ಮರುದಿನದ ಸ್ಲೈಡಿನಲ್ಲಿ ಉಂಗುರಗಳು ಕಡಿಮೆಯಾಗಿದ್ದವು, ಅದರ ಮರುದಿನ ಇನ್ನೂ ಕಡಿಮೆ. ನಾನು ಆಸೆಯಿಂದ ವಾರ್ಡಿಗೆ ಹೋಗಿ ಹೇಳಿದೆ, ಶೇಖಪ್ಪ ಚಹಾ ತರಿಸಿದ. ಆದರೆ ಅಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು. ಅಂಬವ್ವ ಮಾತಿನ ನಡುವೆ ತಡವರಿಸಿದಳು. ದ್ಯಾಮಣ್ಣನನ್ನು ಫಕೀರಪ್ಪ ಎಂದು ಕರೆದಳು. ಅವನು "ಹಾಂ, ಹೇಳು" ಎಂದು ಓಗೊಟ್ಟ. ಆಮೇಲೆ ಅವಳ ಕಣ್ಣು ಮೇಲೆ ಸಿಕ್ಕಿಕೊಂಡವು, ಮೈ ಸೆಟೆಯಿತು. ಡಾಕ್ಟರು ಮಾಡಬೇಕಾದ್ದನ್ನೆಲ್ಲ ಮಾಡಿದರು. ಅಷ್ಟೆಲ್ಲ ಆಗುವಾಗಲೂ ಅವಳ ಮೈ ತಣ್ಣಗೇ ಇತ್ತು. ಪಕ್ಕದ ಮಂಚದಲ್ಲಿ ಕಾಶವ್ವನಿಗೆ ನಾಲ್ಕು ಜನ ಒದ್ದೆ ಬಟ್ಟೆ ಹಾಕುತ್ತಿದ್ದರು, ಹಾಕಿದ್ದು ಹಾಕಿದಂತೆ ಹಬೆಯಾಡುತ್ತಿತ್ತು.

ಬೆಳಗಿನ ರಕ್ತ ತೆಗೆಯಲು ನಾನು ಹೋದಾಗ ಕಿಟಕಿಯಿಂದ ಬಿಸಿಲು ಬಿದ್ದಿತ್ತು. ಕಾಶವ್ವ ಎದ್ದು ಕೂತಿದ್ದಳು. ಹಣೆಯಲ್ಲಿ ಬೆವರಿನ ಹನಿಗಳು. ಅವಳು ತನ್ನ ಕೆನ್ನೆ ಮುಟ್ಟಿಕೊಂಡಳು, ಕತ್ತು ಮುಟ್ಟಿಕೊಂಡಳು. ವಾರ್ಡಿನಲ್ಲಿದ್ದವರೆಲ್ಲ ಅವಳ ಕೈಯನ್ನೇ ನೋಡುತ್ತಿದ್ದರು. ಜ್ವರ ಬಿಟ್ಟಿತ್ತು. ಅಂಬವ್ವನ ಸ್ಲೈಡು ಕೂಡ ಹಿಂದಿನ ಸಂಜೆಯೇ ಹೆಚ್ಚುಕಡಿಮೆ ಶುದ್ಧವಾಗಿತ್ತು. ಆ ಒಂದು ಗಳಿಗೆ, ವಾಸಿಯೋ ಸಾವೋ, ಎರಡರಲ್ಲಿ ಯಾವುದೂ ಆಗಿರಬಹುದಿತ್ತು.

"ಅಕ್ಕಾರ, ನೀ ನೋಡು," ಎಂದಳು ಕಾಶವ್ವ. "ನಾ ಆ ಕಡಿ ತಿರಗೂದಿಲ್ಲ. ನೀ ನೋಡಿ ಹೇಳು."

ನಾನು ಬೆರಳು ಚುಚ್ಚಲು ಹಿಡಿದ ಅಂಬವ್ವನ ಕೈ ಹಿಂದಿನ ದಿನ ಇದ್ದಷ್ಟೇ ತಣ್ಣಗಿತ್ತು. ಅದರಿಂದ ಏನೂ ತಿಳಿಯುವಂತಿರಲಿಲ್ಲ. ನಾಡಿ ಹುಡುಕಿದೆ. ಮೂಗಿನ ಹತ್ತಿರ ಕೈ ಹಿಡಿದೆ. ಸೂಜಿಯನ್ನು ಮತ್ತೆ ಡಬ್ಬಿಯಲ್ಲಿಟ್ಟೆ. ಡಬ್ಬಿಯ ಮುಚ್ಚಳದ ಸದ್ದು ಕೇಳಿಯೇ ಕಾಶವ್ವನಿಗೆ ತಿಳಿಯಿತು. ಅವಳು ಅಳಲಿಲ್ಲ. ಕೌದಿಯನ್ನು ಎಳೆದು ಮೈಗೆ ಸುತ್ತಿಕೊಂಡು, "ಚಳಿ," ಎಂದಳು. "ಏನ್ ಚಳಿ ಐತಿ ಇಲ್ಲಿ."

ಅಂಬವ್ವನನ್ನು ಖಣಿಯಾಚೆಯ ಬಯಲಿನಲ್ಲಿ ಮಣ್ಣು ಮಾಡಿದರು. ಬಿಸಿಲಲ್ಲೂ ಬಹಳ ಜನ ಸೇರಿದ್ದರು. ನಮ್ಮಲ್ಲೊಂದು ಪದ್ಧತಿಯಿದೆ: ಸತ್ತವರ ಜ್ವರ ಯಾರು ಹೊತ್ತಿದ್ದರೋ ಅವರೇ ಮೊದಲ ಹಿಡಿ ಮಣ್ಣು ಹಾಕಬೇಕು. ಗಂಡನಿರಲಿ, ಮಗನಿರಲಿ, ಅವರದು ಆಮೇಲೆ. ಅವಳನ್ನು ಇಳಿಸಿದ ಮೇಲೆ ಎಲ್ಲರೂ ಹಿಂದೆ ಸರಿದು ಕಾಶವ್ವನಿಗೆ ದಾರಿ ಬಿಟ್ಟರು. ದ್ಯಾಮಣ್ಣನೂ ಸರಿದ. ಅವನು ಜನರ ಹಿಂದೆ ಹೋಗಿ, ಒಡೆದ ಕಲ್ಲುಗಳ ರಾಶಿಯ ಪಕ್ಕದಲ್ಲಿ, ಬೇರೆ ಯಾರದೋ ಮಣ್ಣಿಗೆ ಬಂದವನ ಹಾಗೆ ನಿಂತ. ನಾಲ್ಕೈದು ಜನ ತಿರುಗಿ ಅವನನ್ನು ನೋಡಿದರು. ಒಬ್ಬಳು ಹೆಂಗಸು ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು.

ಶೇಖಪ್ಪನ ತೋಳು ಹಿಡಿದು ಬಂದ ಕಾಶವ್ವ ಕುಣಿಯ ಅಂಚಿಗೆ ಬಂದು ಬಗ್ಗಲಿಲ್ಲ. ಸುತ್ತ ನೋಡಿದಳು. ಮಗನ ತೋಳು ಬಿಟ್ಟು, ಜನರ ನಡುವೆ ನಡೆದು ಹೋಗಿ, ದ್ಯಾಮಣ್ಣನ ಮುಂಗೈ ಹಿಡಿದು ಎಳೆದುಕೊಂಡು ಬಂದಳು. ಖಾನಾವಳಿಯಲ್ಲಿ ಕೇಳುತ್ತಿದ್ದ ಅದೇ ದೊಡ್ಡ ದನಿಯಲ್ಲಿ ಹೇಳಿದಳು:

"ಇವಂಗೂ ಬಂದಿತ್ತು ಜ್ವರ. ನನಕಿಂತ ಮೊದಲ ಬಂದಿತ್ತು. ಹೆಂಡ್ತಿ ಹೆದರ್‍ಯಾಳು ಅಂತ ಮುಚ್ಚಿಟ್ಟಿದ್ದ. ನಾ ಮಗ್ಗಲದ ಮಂಚದಾಗ ಮಲಗಿದ್ದೆ, ನಾ ಮುಟ್ಟಿ ನೋಡೀನಿ."

ಒಬ್ಬರ ಜ್ವರ ಇಬ್ಬರಿಗೆ ಬಂದದ್ದನ್ನು ನಮ್ಮ ಊರಲ್ಲಿ ಯಾರೂ ಕೇಳಿರಲಿಲ್ಲ. ಜನ ಮುಖ ಮುಖ ನೋಡಿಕೊಂಡರು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ಊರಿನ ಹಿರಿಯರೊಬ್ಬರು ಮೆಲ್ಲಗೆ ಕೇಳಿದರು, "ಹೌದೇನ್ರಿ, ಲ್ಯಾಬಿನ ಅಕ್ಕಾರ?"

ಕಾಶವ್ವ ನನ್ನನ್ನು ನೋಡಲಿಲ್ಲ. ಅವಳು ಅವನ ಮುಂಗೈಯನ್ನೇ ಬಿಗಿಯಾಗಿ ಹಿಡಿದುಕೊಂಡಿದ್ದಳು.

"ಹೌದ್ರಿ," ಎಂದೆ. "ನೂರಾ ಮೂರು ಇತ್ತು. ನಾನ ನೋಡೀನಿ."

ಇಬ್ಬರೂ ಕೂಡಿ ಬಗ್ಗಿದರು. ಅವಳ ಕೈಯೊಳಗೆ ಅವನ ಕೈ, ಅದರೊಳಗೆ ಮಣ್ಣು. ಅದು ಬಿದ್ದ ಸದ್ದಾದ ಮೇಲೆ ಉಳಿದವರು ಒಬ್ಬೊಬ್ಬರಾಗಿ ಮುಂದೆ ಬಂದರು. ಆ ಪಿಸುಗುಟ್ಟಿದ ಹೆಂಗಸೂ ಬಂದು, ಹೋಗುವಾಗ ದ್ಯಾಮಣ್ಣನ ಬೆನ್ನು ಮುಟ್ಟಿ ಹೋದಳು.

ಹಿಂತಿರುಗುವಾಗ ಅವನು ನಡೆಯುತ್ತ ನಡೆಯುತ್ತ ನನ್ನ ಪಕ್ಕಕ್ಕೆ ಬಂದ. ಆಮೇಲೆ ತಗ್ಗಿದ ದನಿಯಲ್ಲಿ, "ಅಕ್ಕಾರ, ಖರೇನ ಬಂದಿತ್ತೇನ್ರಿ? ಆ ಗದ್ದಲದಾಗ ನನಗ ಗೊತ್ತಾಗಲಿಲ್ಲೇನು?" ಎಂದು ಕೇಳಿದ. ಕೇಳುವಾಗ ಅವನ ಕಣ್ಣುಗಳು ನನ್ನ ಮುಖ ಬಿಟ್ಟು ಅತ್ತಿತ್ತ ಹೋಗಲಿಲ್ಲ.

ಅಷ್ಟರಲ್ಲಿ ಮುಂದೆ ಹೋಗುತ್ತಿದ್ದ ಕಾಶವ್ವ ನಿಂತು, ಹಿಂದೆ ತಿರುಗಿ ಅವನನ್ನು ಕರೆದಳು.

"ಹಿಂದ ಯಾಕ ಉಳದಿ? ಬಾರೋ ತಮ್ಮಾ, ಬಿಸಲೇರಾಕತ್ತೈತಿ. ನಿನ್ನಿಯಿಂದ ಏನೂ ಉಂಡಿಲ್ಲ ನೀ."